ಹಣಮಮ್ಮನ ಗುಡ್ಡಕ್ಕೆ ಇಬ್ಬರು ಅಳಿಯಂದಿರು

ಗುಡ್ಡದ ಬುಡ, ಕೊಡ್ಲಿ, ತಾ. ಚಿಂಚೋಳಿ
26 ಅಕ್ಟೋಬರ್ 2024

ಪೂಜ್ಯ ಸಡ್ಡಕರಾದ ದೇವಿಂದ್ರಪ್ಪನವರ ಪಾದಾರವಿಂದಗಳಿಗೆ,

ನಿಮ್ಮ ಹೆಂಡತಿಯ ತಂಗಿಯ ಗಂಡನಾದ ಅರುಣಕುಮಾರನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದಿದ್ದೇನೆಯೇ ಹೊರತು ಬಿದ್ದಿಲ್ಲ. ಇಲ್ಲಿ ನೆಲದ ತುಂಬ ಮುಳ್ಳು.

ಫೋನಿನಲ್ಲಿ ಮಾತಾಡಿ ಮುಗಿಸಬಹುದಾದ್ದಕ್ಕೆ ಈ ಇಬ್ಬರು ಕಾಗದ ಏಕೆ ಹಾಳುಮಾಡಿದರೆಂದು ಮುಂದೆ ಯಾರಾದರೂ ಕೇಳಬಹುದು. ಕಾರಣ ಅತ್ತೆಯವರ ಅಪ್ಪಣೆ. ನೀವು ಸೇಡಂನಿಂದ ಬಂದು "ಅರುಣ ಹಿಂಗಂದ" ಎನ್ನುವುದು, ನಾನು ಹೋಗಿ "ದೇವಿಂದ್ರಪ್ಪಣ್ಣ ಹಂಗಂದ್ರು" ಎನ್ನುವುದು, ಎರಡನ್ನೂ ಕೇಳಿ ಅವರ ಕಿವಿ ಸೋತಿದೆ. ಕಳೆದ ಸೋಮವಾರ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು: "ಏನ್ ಹೇಳಾದದ ಹಾಳಿ ಮ್ಯಾಲ ಬರೀರಿ. ಮೊದ್ಲು ನನ್ನ ಮನಿಗಿ ಬರ್ಲಿ, ರಾಜೇಶ್ವರಿ ಕೈಲೆ ಓದಸ್ತೀನಿ. ಆಮ್ಯಾಲ ಅವರವರಿಗಿ ಮುಟ್ಟಸ್ತೀನಿ. ಬರದದ್ದು ನಾ ಅಂದೇ ಇಲ್ಲ ಅನ್ಲಾಕ ಬರಲ್ಲ." ಹೀಗಾಗಿ ಈ ಪತ್ರ ನಿಮ್ಮ ಕೈಗೆ ಬರುವ ಮೊದಲು ಆಶಾ ಕಾರ್ಯಕರ್ತೆ ರಾಜೇಶ್ವರಿಯ ಬಾಯಿಂದ ಅತ್ತೆಯವರ ಕಿವಿಗೆ, ಮತ್ತು ಆ ಕಟ್ಟೆಯ ಮೇಲೆ ಎಷ್ಟು ಮಂದಿ ಹಿಡಿಸುತ್ತಾರೋ ಅಷ್ಟು ಮಂದಿಯ ಕಿವಿಗೆ ಬಿದ್ದಿರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅತ್ತೆಯವರಂಥ ದೊಡ್ಡ ಮನಸ್ಸಿನವರು ಚಿಂಚೋಳಿ ತಾಲೂಕಿನಲ್ಲೇ ಇಲ್ಲ.

ಇನ್ನು ವಿಷಯ. ಅತ್ತೆಯವರ ಹೆಸರಿನಲ್ಲಿರುವ ಗುಡ್ಡದ ಬುಡದಲ್ಲಿ, ಅವರೇ ಕೊಟ್ಟ ಜಾಗದಲ್ಲಿ, ನಾನೂ ನಿಮ್ಮ ನಾದಿನಿ ದೇವಿಕಾಳೂ ಮೂರು ಡೇರೆ ಹಾಕಿಕೊಂಡು ಎರಡು ವರ್ಷವಾಯಿತು. ಚಿತ್ತಾಪುರದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ ನನ್ನ ಸ್ಟುಡಿಯೊವನ್ನು ಮಂದಿಯ ಮೊಬೈಲುಗಳು ಮುಚ್ಚಿಸಿದ ಮೇಲೆ ನಮಗೆ ಇದೊಂದೇ ಅನ್ನ. ಸೊಲ್ಲಾಪುರದವರು ವಾಡಿಯಲ್ಲಿ ಗಾಡಿ ಬದಲಿಸಿ, ಹೈದರಾಬಾದಿನವರು ಸೇಡಂನಲ್ಲಿ ಇಳಿದು ಬರುತ್ತಾರೆ. ಚಂದ್ರಂಪಳ್ಳಿ ಅಣೆಕಟ್ಟಿನ ನೀರು ನೋಡುತ್ತಾರೆ. ಬೆಳಿಗ್ಗೆ ಗುಡ್ಡ ಹತ್ತಿ, ಕಾಡಿನ ಕಡೆ ಮುಖ ಮಾಡಿ ಸುಮ್ಮನೆ ಕೂಡುತ್ತಾರೆ. ಹೀಗೆ ಸುಮ್ಮನೆ ಕೂಡಲೆಂದೇ ಅಷ್ಟು ದೂರ ಬಂದವರ ತಲೆಯ ಮೇಲೆ ನೀವು ನಾನೂರು ಅಡಿ ಎತ್ತರದ, ಕರೆಂಟು ಮಾಡುವ ಗಾಳಿ ಫ್ಯಾನು ತಿರುಗಿಸಬೇಕೆಂದಿದ್ದೀರಿ. ಗುಡ್ಡ ಫ್ಯಾನಿಗೆ ಹೋದರೆ ನಾನು ಡೇರೆ ಕಿತ್ತುಕೊಂಡು ಹೋಗಬೇಕು. ಈ ಮಾತಿನಲ್ಲಿ ಅಲಂಕಾರವಿಲ್ಲ.

ನಿಮ್ಮ ಕಂಪನಿಯ ಜೀಪನ್ನೂ ಬಿಳಿ ಹೆಲ್ಮೆಟ್ಟನ್ನೂ ನೋಡಿ ನನಗೆ ಹೊಟ್ಟೆಯುರಿ ಎಂದು ನಿಮ್ಮ ಮನೆಯವರಾದ ಜಯಮಾಲಕ್ಕನ ಮುಂದೆ ಅಂದಿರಂತೆ. ಶುದ್ಧ ಸುಳ್ಳು. ಅತ್ತೆಯವರನ್ನು ಆ ಜೀಪಿನ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಊರೊಳಗೆ ಎರಡು ಸುತ್ತು ಹಾಕಿದಿರಲ್ಲ, ಅದಕ್ಕೆ ಮಾತ್ರ. ಒಂದು ಸುತ್ತು ಸಾಕಿತ್ತು.

ಇತಿ ನಿಮ್ಮ ಆಜ್ಞಾಧಾರಕ,
ಅರುಣಕುಮಾರ


ಸೇಡಂ
5 ನವೆಂಬರ್ 2024

ಚಿರಂಜೀವಿ ಸಡ್ಡಕ ಅರುಣಕುಮಾರನಿಗೆ ದೇವಿಂದ್ರಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಸಾರಾಂಶ ಅದಕ್ಕಿಂತ ಎರಡು ದಿನ ಮೊದಲೇ ಮುಟ್ಟಿತ್ತು. ಕೊಡ್ಲಿಯಿಂದ ಬಸ್ಸಿಗೆ ಬಂದ ಮೂವರು ಒಬ್ಬರಾದ ಮೇಲೆ ಒಬ್ಬರು ನನ್ನ ಆಫೀಸಿಗೆ ಬಂದು, "ನಿಮ್ಮ ಸಡ್ಡಕ ಭಾಳ ಚಂದ ಬರೀತಾರ್ರಿ" ಎಂದು ಚಹಾ ಕುಡಿದು ಹೋದರು. ನಿನ್ನನ್ನು ಹೊಗಳಿದವರಿಗೆ ಚಹಾ ನಾನು ಕುಡಿಸಬೇಕು.

ನಿನ್ನ ಡೇರೆಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನದೂ ಒಂದಿಷ್ಟು ಕೇಳು. ಶಹಾಬಾದಿನಲ್ಲಿ ಇಪ್ಪತ್ತೆರಡು ವರ್ಷ ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹೊಡೆದು, ಅದರ ದೂಳು ಕುಡಿದವನು ನಾನು. ಮಂದಿ ಟೈಲ್ಸಿಗೆ ಮನಸೋತರು. ನನ್ನ ಕಲ್ಲು ಅಲ್ಲಿ ನನ್ನ ಅಂಗಳದಲ್ಲೇ ಒಂದರ ಮೇಲೊಂದು ಒರಗಿ ನಿಂತಿದೆ. ಐವತ್ತರ ಹತ್ತಿರ ಬಂದವನಿಗೆ ಈ ಫ್ಯಾನಿನ ಕಂಪನಿಯವರು ಜಾಗ ಗೊತ್ತುಮಾಡಿಕೊಡುವ ಕೆಲಸ ಕೊಟ್ಟಿದ್ದಾರೆ. ಇದೇ ಸೇಡಂ ತಾಲೂಕಿನ ಮುಧೋಳದ ಕಡೆ ಎರಡು ಜಾಗ ಮಾಡಿಕೊಟ್ಟೆ. ಮೂರನೆಯದು ಅತ್ತೆಯವರ ಗುಡ್ಡ. ಅದಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆ ಹಾದಿ ಎಂದು ಸಾಹೇಬರು ಸ್ಪಷ್ಟ ಹೇಳಿದ್ದಾರೆ. ನನ್ನ ಮಾತಿನಲ್ಲೂ ಅಲಂಕಾರವಿಲ್ಲ. ಇದ್ದರೂ ನಿನ್ನಷ್ಟು ಬರುವುದಿಲ್ಲ.

ಹೊಟ್ಟೆಯುರಿಯ ಲೆಕ್ಕ ನೀನೇ ತೆಗೆದೆ. ದಸರೆಯ ಹೊತ್ತಿಗೆ ಪೇಪರಿನಲ್ಲಿ ನಿನ್ನ ಡೇರೆಗಳ ಸುದ್ದಿ ಬಂತಲ್ಲ, ಅದನ್ನು ಜಯಮಾಲಾ ಕತ್ತರಿಸಿ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದಾಳೆ. ಅಂಗಿ ತೆಗೆಯಲು ಹೋದಾಗಲೆಲ್ಲ ನೀನು ಬೈನಾಕ್ಯುಲರ್ ಹಿಡಿದು ನನ್ನನ್ನೇ ನೋಡುತ್ತಿರುತ್ತೀ. ನಾನೇ ಬಾಡಿಗೆ ಕಟ್ಟುವ ಮನೆಯಲ್ಲಿ ನಾನು ಗೋಡೆ ಕಡೆ ತಿರುಗಿ ಗುಂಡಿ ಹಾಕಿಕೊಳ್ಳುವಂತಾಗಿದೆ.

ಇನ್ನೊಂದು. ಅತ್ತೆಯವರು ನಿನ್ನ ಡೇರೆಯ ಮುಂದೆ ಕೂತು ಹೊತ್ತು ಮುಳುಗುವ ತನಕ ನಕ್ಕರಂತೆ. ಮಾವನವರು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿಲ್ಲ. ಏನು ಹೇಳಿ ನಗಿಸಿದೆ, ತಿಳಿಸು. ಇಲ್ಲ, ತಿಳಿಸಬೇಡ.

ಇತಿ,
ದೇವಿಂದ್ರಪ್ಪ


ಕೊಡ್ಲಿ
21 ನವೆಂಬರ್ 2024

ನಮ್ಮ ಇಬ್ರೂ ಅಳಿಯಂದ್ರಿಗಿ ಹಣಮಮ್ಮ ಹೇಳಿ ಬರಸಾದೇನಂದ್ರ,

ನಾ ಆರಾಮ ಇದ್ದೀನಿ. ತೊಗರಿ ಹೂವಿಗಿ ಬಂದದ. ಇಬ್ರೂ ನನ್ನ ಹೊಗಳಾದು ಮೊದ್ಲು ಬಂದ್ ಮಾಡ್ರಿ. ಹೊಗಳಿದ ಕೂಡ್ಲೇ ಕಟ್ಟಿ ಮ್ಯಾಲ ಕುಂತ ಹೆಣ್ಮಕ್ಳು ಸೆರಗ ಬಾಯಿಗಿ ಇಟಗೋತಾರ.

ಗುಡ್ಡ ನನ್ನ ಹೆಸರ್ಲೆ ಅದ. ನಾ ಯಾರಿಗೂ ಹೂಂ ಅಂದಿಲ್ಲ, ಯಾರಿಗೂ ಒಲ್ಲೆ ಅಂದಿಲ್ಲ. ಉಗಾದಿಗಿ ಹೇಳ್ತೀನಿ. ಅಲ್ಲಿ ತನ ದೇವಿಂದ್ರಪ್ಪ ಜೀಪ್ ತಂದು ಮನಿ ಮುಂದ ನಿಲ್ಲಸಬ್ಯಾಡ್ರಿ, ಕೋಳಿ ಅದರ ಬುಡಕ ಹೋಗಿ ತತ್ತಿ ಇಡ್ಲಾಕತ್ತಾವ. ಅರುಣಪ್ಪ ನೀವು ದಿನಾ ಬಂದು ನನ್ನ ಕಾಲ್ ನೋವು ಕೇಳಬ್ಯಾಡ್ರಿ. ನೋವು ಮೊಣಕೈದಾಗದ.

ಎಳ್ಳಮಾಸಿಗಿ ಇಬ್ರೂ ಹೊಲಕ್ಕ ಬರ್ರಿ. ಭೂಮ್ತಾಯಿಗಿ ಚರಗ ಚೆಲ್ಲಿ ಬಾಜೂ ಬಾಜೂ ಕುಂತು ಉಣ್ಣಬೇಕು. ಮಾತಾಡ್ದಿದ್ರ ನಡೀತದ. ಬುತ್ತಿ ಬ್ಯಾರೆ ಮಾಡ್ಕೊಂಡ್ರ ನಡಿಯಲ್ಲ.

ಹಣಮಮ್ಮ
(ಬರೆದವಳು ರಾಜೇಶ್ವರಿ. ಬೈದ ಎರಡು ಮಾತು ನಾನೇ ಬಿಟ್ಟಿದ್ದೇನೆ.)


ಗುಡ್ಡದ ಬುಡ, ಕೊಡ್ಲಿ
3 ಜನವರಿ 2025

ಹಿರಿಯ ಅಳಿಯರೆಂಬ ಸಿಂಹಾಸನದಲ್ಲಿ ವಿರಾಜಮಾನರಾದ ದೇವಿಂದ್ರಪ್ಪನವರಿಗೆ,

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಮೊದಲ ಸೌಟು ಭಜ್ಜಿಪಲ್ಯ ನಿಮ್ಮ ತಾಟಿಗೆ, ಎರಡನೆಯ ಸೌಟು ನನ್ನ ತಾಟಿಗೆ ಬಿದ್ದದ್ದನ್ನು ಇಡೀ ಬಳಗ ನೋಡಿತು. ಇದರಲ್ಲಿ ನಾನು ಏನೂ ಹೇಳುವಂತಿಲ್ಲ. ನೀವು ಮೊದಲು ಮದುವೆಯಾದಿರಿ. ಆದರೆ ಶೇಂಗಾ ಹೋಳಿಗೆಯೂ ಅದೇ ಕ್ರಮದಲ್ಲಿ ಬಂದಾಗ, ಮಜ್ಜಿಗೆಯೂ ಅದೇ ಕ್ರಮದಲ್ಲಿ ಬಂದಾಗ, ಮನುಷ್ಯನಾದವನು ನೀರನ್ನಾದರೂ ಮೊದಲು ತಾನು ಕುಡಿಯಬೇಕೆಂದು ಬಯಸುತ್ತಾನೆ. ನಾನು ಕುಡಿದೆ. ಅದು ನಿಮ್ಮ ಚೆಂಬಾಗಿತ್ತು.

ಈಗ ಒಂದು ಶುಭ ಸಮಾಚಾರ. ನಿಮ್ಮ ಕಂಪನಿಯಿಂದ ಗುಡ್ಡದ ಗಾಳಿ ನೋಡಲು ಬಂದಿದ್ದ ಇಬ್ಬರು ಇಂಜಿನಿಯರುಗಳು ಎರಡು ದಿನ ನನ್ನ ಡೇರೆಯಲ್ಲಿದ್ದರು. ಅವರು ಸೇಡಂಗೆ ಬಂದಾಗಲೆಲ್ಲ ನಿಮ್ಮ ಮನೆಯಲ್ಲೇ ಉಂಡು ಜಯಮಾಲಕ್ಕನ ಕೈರುಚಿ ಹಾಡಿ ಹೊಗಳುತ್ತಾರೆಂದು ಕೇಳಿದ್ದೆ. ನಮ್ಮ ಮನೆಯಲ್ಲೂ ಒಲೆ ಇದೆ ಎಂದು ತೋರಿಸಬೇಕಿತ್ತು. ರಸ್ತೆಯಲ್ಲಿ ಅಡ್ಡ ನಿಂತು ಕರೆದುಕೊಂಡು ಬಂದೆ. ದೇವಿಕಾ ಮಾಡಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ ತಿಂದು ಇಬ್ಬರೂ ಬೆಲ್ಟು ಸಡಿಲಿಸಿದರು.

ಊಟದ ಮೇಲೆ ಅವರಲ್ಲೊಬ್ಬ, "ಜಾಗ ಛಲೋ ಅದರಿ, ಆದ್ರ ಗಾಳಿ ಕಡಿಮಿ. ದೇವಿಂದ್ರಪ್ಪ ತೋರಿಸಿದ ಮುಧೋಳದ ಜಾಗದಾಗ ಇದಕ್ಕಿಂತ ಜೋರದ" ಎಂದ. ನನ್ನ ರೊಟ್ಟಿ ತಿಂದು, ನನ್ನ ಗುಡ್ಡದ ಮೇಲೆ ಕೂತು, ನೀವು ತೋರಿಸಿದ ಜಾಗವೇ ಜೋರು ಎಂದರೆ ಹೇಗಾಗಬೇಡ. ನಾನು ಒಳಗೆ ಹೋಗಿ ಗಾಳಿಯ ಲೆಕ್ಕ ಬರೆದಿಟ್ಟ ನನ್ನ ವಹಿಯನ್ನು ತಂದೆ. ಎರಡು ವರ್ಷದಲ್ಲಿ ಯಾವ ದಿನ ಎಷ್ಟು ಹೊತ್ತಿಗೆ ಗಾಳಿ ಎದ್ದು ಯಾವ ಡೇರೆಯ ಹಗ್ಗ ಹರಿಯಿತು, ಯಾವಾಗ ತಾಡಪತ್ರಿ ಹಾರಿ ಕಾಲುವೆಯ ಆಚೆ ಸಿಕ್ಕಿತು, ದೇವಿಕಾಳ ಸೀರೆ ಯಾವ ಯಾವ ಗಿಡದ ಮೇಲೆ ಸಿಕ್ಕಿತು, ಎಲ್ಲ ದಿನಾಂಕ ಸಮೇತ ಬರೆದಿಟ್ಟಿದ್ದೇನೆ. ಅವರು ಬಾಯಿ ಬಿಟ್ಟುಕೊಂಡು ಓದಿದರು. ಹಾಳೆ ಹಾಳೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ನಾನು ಮಾಡಿದ ಮದುವೆ ಆಲ್ಬಮ್ಮುಗಳನ್ನು ಮದುಮಕ್ಕಳೂ ಇಷ್ಟು ಆಸ್ಥೆಯಿಂದ ನೋಡಿರಲಿಲ್ಲ.

ಮುಧೋಳದ ಗಾಳಿಯ ಸೊಕ್ಕು ಮುರಿಯಿತೆಂದು ತಿಳಿಸಲು ಹರ್ಷಿಸುತ್ತೇನೆ.

ಇತಿ,
ಅರುಣಕುಮಾರ


ಸೇಡಂ
19 ಜನವರಿ 2025

ಚಿರಂಜೀವಿ ಅರುಣಕುಮಾರನಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ನನ್ನ ಕಣ್ಣನ್ನೇ ನಂಬಲಿಲ್ಲ. ಎರಡನೆಯ ಸಲ ಜಯಮಾಲಾಳಿಗೆ ಓದಿ ಹೇಳಿದೆ. ಆಕೆ ತಲೆಗೆ ಕೈ ಹಚ್ಚಿಕೊಂಡು, "ಅಯ್ಯ, ಕೂಸಿಗಿ ತಿಳಿಯಲಿಲ್ಲೇನು" ಎಂದಳು. ನಿನಗೆ ನಲವತ್ತನಾಲ್ಕು.

ತಮ್ಮಾ, ಅವರಿಬ್ಬರೂ ಗುಡ್ಡದಲ್ಲಿ ಗಾಳಿ ಸಾಲದು ಎಂದು ಬರೆದು ಕೈ ತೊಳೆದುಕೊಳ್ಳುವವರಿದ್ದರು. ಎರಡು ದಿನದಲ್ಲಿ ಎಲೆ ಕೂಡ ಅಲುಗಾಡಿರಲಿಲ್ಲ. ನಾನು ಇಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಶಹಾಬಾದಿಗೆ ಹೊರಡುವುದಷ್ಟೇ ಬಾಕಿ. ಅಷ್ಟರಲ್ಲಿ ನಿನ್ನ ವಹಿ ಬಂತು. ಈಗ ಅಲ್ಲಿ, ಅತ್ತೆಯವರನ್ನು ಕೇಳಿಕೊಂಡೇ, ಗಾಳಿ ಅಳೆಯುವ ಕಂಬ ನಿಲ್ಲಿಸುತ್ತಾರೆ. ಮೊದಲು ಒಂದು ಫ್ಯಾನು ಎನ್ನುತ್ತಿದ್ದವರು ಈಗ ಎರಡು ಎನ್ನುತ್ತಿದ್ದಾರೆ. ನೀನು ರೊಟ್ಟಿ ಬಡಿಸಿ ಸುಮ್ಮನಿದ್ದಿದ್ದರೆ ಗುಡ್ಡ ನಿನ್ನದೇ ಆಗಿ ಉಳಿಯುತ್ತಿತ್ತು.

ಸಾಹೇಬರು ನಿನ್ನ ವಹಿ ನೋಡಿ ಏನಂದರು ಗೊತ್ತೆ? "ಯೇ ಅರುಣಕುಮಾರ ಬಹುತ್ ಕಾಮ್‌ಕಾ ಆದ್ಮಿ ಹೈ." ಮೂರು ಜಾಗಕ್ಕೆ ಓಡಾಡಿ ನನ್ನ ಚಪ್ಪಲಿ ಸವೆದಿವೆ. ಬಹಳ ಕೆಲಸಕ್ಕೆ ಬರುವ ಮನುಷ್ಯ ಎಂಬ ಆ ಮಾತನ್ನು ನನಗೆ ಇನ್ನೂ ಅಂದಿಲ್ಲ. ನಾನು ಗೆದ್ದ ದಿನವೂ ನೀನೇ ಹೊಗಳಿಸಿಕೊಂಡೆ.

ಇತಿ,
ದೇವಿಂದ್ರಪ್ಪ


ಗುಡ್ಡದ ಬುಡ
6 ಫೆಬ್ರವರಿ 2025

ಅತ್ತೆಯವರಿಗೆ ನಮಸ್ಕಾರಗಳು.

ಇದನ್ನು ರಾಜೇಶ್ವರಿ ಸ್ವಲ್ಪ ಮೆಲ್ಲಗೆ ಓದಲಿ.

ಕಂಬ ನಿಲ್ಲಿಸಿದರು. ಬೆಳಿಗ್ಗೆ ಗುಡ್ಡ ಹತ್ತಿದವರು ಮೊದಲು ಅದನ್ನೇ ನೋಡಿ "ಇದೇನ್ರಿ" ಎನ್ನುತ್ತಾರೆ. ನಾನು ಹವಾಮಾನದ್ದು ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ವಹಿಯನ್ನು ನಾನು ಏಕೆ ತೋರಿಸಿದೆನೆಂದು ದೇವಿಕಾ ಒಂದೇ ಸಲ ಕೇಳಿದಳು. ಆಕೆಗೆ ಗೊತ್ತು. ಉಗಾದಿಯ ಮುಂದಿನ ದಿನಗಳಿಗೆ ಬರುತ್ತೇವೆಂದು ಯಾರು ಫೋನು ಮಾಡಿದರೂ ಈಗ "ಮತ್ತ ಹೇಳ್ತೀವ್ರಿ" ಎನ್ನುತ್ತಿದ್ದಾಳೆ. ಹಾಗೆನ್ನುವಾಗ ನನ್ನ ಕಡೆ ನೋಡುವುದಿಲ್ಲ.

ಗುಡ್ಡ ಕೊಡಬೇಡಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಕೊಡುವುದೇ ಆದರೆ ನನಗೆ ಒಂದು ದಿನ ಮೊದಲು ತಿಳಿಸಿ. ಡೇರೆಗಳನ್ನು ನಾನೇ ಬಿಚ್ಚುತ್ತೇನೆ. ದೇವಿಂದ್ರಪ್ಪಣ್ಣ ಬಂದು ಬಿಚ್ಚು ಎಂದು ಹೇಳುವುದನ್ನು ಕೇಳಲಾರೆ.

ಅರುಣ


ಸೇಡಂ
7 ಮಾರ್ಚ್ 2025

ಚಿರಂಜೀವಿ ಅರುಣಕುಮಾರನಿಗೆ,

ಇದರ ಸಂಗಡ ಪೇಪರಿನ ತುಣುಕೊಂದನ್ನು ಮಡಚಿ ಇಟ್ಟಿದ್ದೇನೆ. ಹರಿಯದಂತೆ ಬಿಚ್ಚು.

ಚಿತ್ರದಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿರುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಹಿಂದಿನ ಗಿಡದ ತುದಿಯಲ್ಲಿ ಕಾಣುವುದು ಹಾವು ತಿನ್ನುವ ಹದ್ದಿನ ಗೂಡು. ಗೂಡಿನಲ್ಲಿ ತಾಯಿ ಕೂತಿದೆ, ಬಾಯಲ್ಲಿ ಅರ್ಧ ಹಾವು. ಎರಡು ವರ್ಷದಿಂದ ನೀನು ಬಂದವರಿಗೆಲ್ಲ "ಇಲ್ಲೇ ಎಲ್ಲೋ ಗೂಡದ ನೋಡ್ರಿ" ಎಂದು ನಾಲ್ಕೂ ದಿಕ್ಕಿಗೆ ಕೈ ತೋರಿಸುತ್ತಿದ್ದೆಯಲ್ಲ, ಅದೇ ಹದ್ದು. ಎರಡನೆಯ ಫ್ಯಾನಿನ ಜಾಗಕ್ಕೆ ಸುಣ್ಣದ ಗುರುತು ಹಾಕಲು ಹಿಂದಿನ ಕೊರಕಲಿನಿಂದ ಹತ್ತಿದೆ. ತಲೆ ಎತ್ತಿದರೆ ಹತ್ತು ಹೆಜ್ಜೆಯ ಮೇಲೆ ಗೂಡು. ಆ ಹಾದಿ ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.

ಸಂಗಡ ಬಂದ ಕೂಲಿಯವನ ಕೈಯಲ್ಲಿ ನನ್ನ ಮೊಬೈಲು ಕೊಟ್ಟು ತೆಗೆಸಿದ್ದು. ನಿನ್ನ ಮಾರುದ್ದದ ಕ್ಯಾಮೆರಾಕ್ಕೆ ಬೀಳದ ಚಿತ್ರ. ನಾನೇ ಪೇಪರಿನವರಿಗೆ ಕಳಿಸಿದೆ. "ಗಾಳಿ ಫ್ಯಾನಿನ ಜಾಗದಲ್ಲಿ ಅಪರೂಪದ ಹದ್ದು, ಪತ್ತೆ ಹಚ್ಚಿದವರು ದೇವಿಂದ್ರಪ್ಪ" ಎಂದು ಹಾಕಿದ್ದಾರೆ. ಜಯಮಾಲಾ ನಿನ್ನನ್ನು ಕಪಾಟಿನಿಂದ ಕಿತ್ತು ನನ್ನನ್ನು ಅಂಟಿಸಿದಳು. ಗೋಂದು ಹೆಚ್ಚಾಗಿ ನಿನ್ನ ಒಂದು ಕಿವಿ ಮಾತ್ರ ಅಲ್ಲೇ ಉಳಿದಿದೆ.

ಇತಿ,
ದೇವಿಂದ್ರಪ್ಪ


ಶಹಾಬಾದ
25 ಮಾರ್ಚ್ 2025

ಅರುಣಕುಮಾರನಿಗೆ,

ಊರ ಹೆಸರು ಬದಲಾಗಿದ್ದನ್ನು ನೋಡಿದಾಗಲೇ ನಿನಗೆ ತಿಳಿದಿರುತ್ತದೆ.

ಕಂಪನಿಯಲ್ಲಿ ಹಕ್ಕಿಪಕ್ಕಿ ಲೆಕ್ಕ ಮಾಡುವುದಕ್ಕೆಂದೇ ಅಂಬಿಕಾ ಎಂಬ ಹುಡುಗಿಯನ್ನು ಇಟ್ಟಿದ್ದಾರೆ. ಇಷ್ಟು ದಿನ ಆಕೆ ಮುಧೋಳದ ಕಡೆ ಇದ್ದಳು. ಸೇಡಂನಲ್ಲಿ ಇಡ್ಲಿ ಕಟ್ಟಿಸಿಕೊಂಡ ಕಾಗದದಲ್ಲಿ ನನ್ನ ಫೋಟೋ ಸಿಕ್ಕಿತಂತೆ. ಚಟ್ನಿ ಒರೆಸಿ ಓದಿ, ನೇರ ನನ್ನ ಹತ್ತಿರ ಬಂದು, "ಸರ್, ಈ ಗೂಡು ತೋರಸ್ರಿ" ಎಂದಳು. ನನಗೇನು, ಹೆಮ್ಮೆಯಿಂದ ಕರೆದುಕೊಂಡು ಹೋದೆ. ಹಾದಿಯುದ್ದಕ್ಕೂ ಆಕೆಗೆ ಇಂಥ ಗೂಡು ಹುಡುಕುವುದು ಎಷ್ಟು ಕಷ್ಟವೆಂದು ವಿವರಿಸಿದೆ. ಆಕೆ ಅರ್ಧ ದಿನ ಕೂತು ನೋಡಿ, ಫ್ಯಾನಿನ ರೆಕ್ಕೆಗೆ ಹದ್ದು ಸಿಕ್ಕಿ ಸಾಯುತ್ತದೆ, ಗುಡ್ಡದ ಮೇಲೆ ಒಂದು ಫ್ಯಾನೂ ಬೇಡ ಎಂದು ಬರೆದುಕೊಟ್ಟಳು. ಕಂಪನಿಯವರು ಒಪ್ಪಿದರು. ಕಂಬ ಬಿಚ್ಚಲು ಮಂದಿ ಬರುತ್ತಾರೆ.

ಸಾಹೇಬರು ನನ್ನನ್ನು ಕರೆದು ಕೂಡಿಸಿ, ಸಿಟ್ಟೂ ಮಾಡದೆ ಕೇಳಿದರು, ಜಾಗ ಮಾಡಿಕೊಡುವ ಮನುಷ್ಯ ತಾನೇ ಹೋಗಿ ಪೇಪರಿಗೆ ಏಕೆ ಕೊಟ್ಟ ಎಂದು. ನನ್ನ ಹೆಂಡತಿಯ ಕಪಾಟಿನಲ್ಲಿ ನನ್ನ ಸಡ್ಡಕನ ಚಿತ್ರವಿತ್ತು ಎಂದು ಹೇಳಲೆ.

ಜೀಪು ಅಲ್ಲೇ ಬಿಟ್ಟು ಬಸ್ಸಿಗೆ ಬಂದೆ. ಹೆಲ್ಮೆಟ್ ಕೊಡಹೋದರೆ ನನ್ನ ತಲೆಯ ಅಳತೆ ಬೇರೆ ಯಾರಿಗೂ ಬರುವುದಿಲ್ಲವೆಂದು ಬಿಟ್ಟುಕೊಟ್ಟರು. ಜನವರಿಯಲ್ಲಿ ನಿನಗೊಂದು ಮಾತು ಬರೆದಿದ್ದೆ, ಸುಮ್ಮನಿದ್ದಿದ್ದರೆ ಎಂದು. ಅದನ್ನು ಈಗ ನನಗೆ ನಾನೇ ಬರೆದುಕೊಂಡಿದ್ದೇನೆ. ನೀನು ಬೇರೆ ಬರೆಯುವುದು ಬೇಡ.

ದೇವಿಂದ್ರಪ್ಪ


ಕೊಡ್ಲಿ
2 ಏಪ್ರಿಲ್ 2025

ಅಳಿಯಂದ್ರಿಗಿ ಹಣಮಮ್ಮ ಬರಸಾದು,

ಉಗಾದಿ ಆಯ್ತು. ಹೇಳ್ತೀನಿ ಅಂದಿದ್ದೆ. ಹೇಳಾಕ ಏನೂ ಉಳದಿಲ್ಲ, ಫ್ಯಾನಿನವರೇ ಬ್ಯಾಡಂದು ಹೋದ್ರು. ಗುಡ್ಡ ಹೆಂಗಿತ್ತೋ ಹಂಗೇ ಇರ್ತದ. ಡೇರೆ ಬಿಚ್ಚಾದು ಬ್ಯಾಡ, ದೇವಿಕಾಗ ಹೇಳ್ರಿ.

ಆದ್ರ ಒಂದ್ ಮಾತ್ ಮುಚ್ಚಿ ಇಡಂಗಿಲ್ಲ. ನಾ ಫ್ಯಾನಿಗಿ ಹೂಂ ಅನ್ನಾಕಿದ್ದೆ. ದೇವಿಂದ್ರಪ್ಪಗ ಈ ನೌಕರಿ ಸಿಗಾದ್ಕಿಂತ ಮೊದ್ಲು ಶಹಾಬಾದಕ್ಕ ಹೋಗಿ ಜಯಮಾಲಾನ ಮನಿ ನೋಡಿ ಬಂದಿದ್ದೆ. ಅಂಗಳದ ತುಂಬ ಕಲ್ಲು, ಹಿಟ್ಟಿನ ಡಬ್ಬ್ಯಾಗ ಏನಿರಲಿಲ್ಲ. ನನ್ನ ಮಗಳು ನನಗ ಹೇಳಿಲ್ಲ, ನಾನೇ ಮುಚ್ಚಳ ತೆಗದು ನೋಡಿದೆ.

ಈಗ ಆ ಹಕ್ಕಿ ನೋಡ್ಲಾಕ ಮಂದಿ ಬರ್ಲಾಕತ್ತಾರಂತ. ಹಾದಿ ದೇವಿಂದ್ರಪ್ಪಗ ಒಬ್ಬರಿಗೇ ಗೊತ್ತು. ಅವರು ಶನಿವಾರ ಐತವಾರ ಬಂದು ನನ್ನ ಮನ್ಯಾಗ ಇರ್ತಾರ, ಮಂದಿಗಿ ಕರ್ಕೊಂಡು ಹೋಗಿ ತೋರಸ್ತಾರ. ಬಂದದ್ದರಾಗ ಇಬ್ರೂ ಹಂಚ್ಕೊಂಡು ತಿನ್ರಿ. ಅರುಣಪ್ಪ, ಒಲ್ಲೆ ಅನ್ನಬ್ಯಾಡ್ರಿ.

ಹಣಮಮ್ಮ


ಗುಡ್ಡದ ಬುಡ
22 ಏಪ್ರಿಲ್ 2025

ಪರಮಪೂಜ್ಯ ಅತ್ತೆಯವರ ಸನ್ನಿಧಾನಕ್ಕೆ,

ಒಲ್ಲೆ ಅನ್ನಬೇಡಿ ಎಂದಿರಿ. ಅನ್ನಲಿಲ್ಲ. ಮೂರು ವಾರ ಅನ್ನಲಿಲ್ಲ. ಇದನ್ನು ದಯವಿಟ್ಟು ಗಮನಕ್ಕೆ ತೆಗೆದುಕೊಳ್ಳಬೇಕು.

ದೇವಿಂದ್ರಪ್ಪಣ್ಣನವರು ಅತಿಥಿಗಳನ್ನು ಹದ್ದು ತೋರಿಸಲೆಂದು ಕರೆದುಕೊಂಡು ಹೋಗುತ್ತಾರೆ. ಹದ್ದು ತೋರಿಸುವುದು ಕಾಲು ಗಂಟೆ. ಉಳಿದ ಎರಡು ಗಂಟೆ ದಾರಿಯ ಕಲ್ಲು ತೋರಿಸುತ್ತಾರೆ. ಯಾವ ಕಲ್ಲು ಯಾವ ಪದರದ್ದು, ಬಡಿದರೆ ಯಾವುದು ಗಂಟೆಯಂತೆ ಸದ್ದು ಮಾಡುತ್ತದೆ, ಯಾವುದು ಮಡಕೆಯಂತೆ. ಹಕ್ಕಿಗಾಗಿ ಹೈದರಾಬಾದಿನಿಂದ ಬಂದ ಡಾಕ್ಟರೊಬ್ಬರು ಕಲ್ಲಿಗೆ ಕಿವಿ ಹಚ್ಚಿ ಮಲಗಿದ್ದನ್ನು ನಾನು ಕಣ್ಣಾರೆ ನೋಡಿದೆ. ತಲೆಯ ಮೇಲೆ ಹೆಲ್ಮೆಟ್ ಬೇರೆ ಇದೆ. ಈಗ ಎಲ್ಲರಿಗೂ ಒಂದೊಂದು ಹೆಲ್ಮೆಟ್ ಬೇಕಂತೆ.

ಫೋನು ಮಾಡಿದವರು, "ದೇವಿಂದ್ರಪ್ಪಣ್ಣ ಇರ್ತಾರೇನ್ರಿ ಐತವಾರ?" ಎಂದು ಕೇಳುತ್ತಾರೆ. ನೀವ್ಯಾರು ಎಂದರೆ ನಾನು ಅರುಣಕುಮಾರ ಎನ್ನುತ್ತೇನೆ. "ಓ, ಟೆಂಟಿನವ್ರಾ" ಎನ್ನುತ್ತಾರೆ. ದೇವಿಂದ್ರಪ್ಪಣ್ಣ ಶನಿವಾರ ನಿಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಉಂಡು ಹತ್ತುತ್ತಾರೆ. ನಾನು ಹತ್ತಿರದಲ್ಲೇ ಇರುವವನು, ನನ್ನನ್ನು ಊಟಕ್ಕೆ ಕರೆಯುವ ಅಗತ್ಯವಿಲ್ಲವೆಂದು ಎಲ್ಲರಿಗೂ ಅನ್ನಿಸಿದಂತಿದೆ. ನೀವು ಹೂಂ ಅನ್ನುವವರಿದ್ದಿರಿ ಎಂಬುದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ದಿನಕ್ಕೆ ಒಂದೆರಡು ಸಲ ನೆನಪಾಗುತ್ತದೆ, ಅಷ್ಟೆ.

ಆದ್ದರಿಂದ ಅವರ ಏಳಿಗೆಗಾಗಿ ನಾನೊಂದು ಮಾರ್ಗ ಹುಡುಕಿದ್ದೇನೆ. ಎದುರಿಗಿರುವ ಅಬ್ದುಲ್ ಮಜೀದರ ಗುಡ್ಡವನ್ನು ಕಂಪನಿಯವರು ನೋಡುತ್ತಿದ್ದಾರಂತೆ. ಅಲ್ಲಿಗೆ ಒಬ್ಬ ಗೊತ್ತಿರುವ ಮನುಷ್ಯ ಬೇಕು. ಸಾಹೇಬರಿಗೆ ನಾನೇ ಶಿಫಾರಸು ಬರೆದು ಇದರ ಸಂಗಡ ಇಟ್ಟಿದ್ದೇನೆ. ಮಜೀದರ ಗುಡ್ಡದ ಗಾಳಿಯೂ ಬಹಳ ಜೋರು ಎಂದು ಅದರಲ್ಲಿ ವಹಿಯ ಆಧಾರದಿಂದ ತೋರಿಸಿದ್ದೇನೆ. ದೇವಿಂದ್ರಪ್ಪಣ್ಣನವರಿಗೆ ಕಾಯಂ ಕೆಲಸ, ಜೀಪು. ಅಲ್ಲಿ ಫ್ಯಾನು ಎದ್ದರೂ ಕಾಡಿನ ಕಡೆ ಮುಖ ಮಾಡಿ ಕೂಡುವ ನಮ್ಮ ಅತಿಥಿಗಳಿಗೆ ಬೆನ್ನ ಹಿಂದೆ ಇರುತ್ತದೆ. ತಿರುಗಿ ನೋಡದಿದ್ದರಾಯಿತು.

ನೀವು ಓದಿಸಿ ಕಂಪನಿಗೆ ಮುಟ್ಟಿಸಬೇಕಾಗಿ ವಿನಂತಿ.

ಇತಿ ಎರಡನೆಯ ಅಳಿಯ,
ಅರುಣಕುಮಾರ


ಕೊಡ್ಲಿ
26 ಏಪ್ರಿಲ್ 2025

ಅರುಣಪ್ಪ,

ನಿಮ್ಮ ಹಾಳಿ ಮುಟ್ಟಿತು. ರಾಜೇಶ್ವರಿ ಓದಲಾಕತ್ತಾಗ ಕಟ್ಟಿ ಮ್ಯಾಲ ಮಜೀದ ಕುಂತಿದ್ದ. ಪೂರಾ ಕೇಳಿದ. ಕೇಳಿ, "ಹಣಮವ್ವ, ನಿನ್ನ ಅಳಿಯಂದ್ರಿಗಿ ನಿನ್ನ ಗುಡ್ಡ ಸಾಲಲಿಲ್ಲೇನು?" ಅಂದ.

ಇದನ್ನ ಕಂಪನಿಗಿ ಕಳಸಿಲ್ಲ. ದೇವಿಂದ್ರಪ್ಪಗೂ ತೋರಿಸಿಲ್ಲ. ಎರಡೂ ಹಾಳಿ ತಿರುಗಿ ಕಳಸೀನಿ. ನೀವೇ ಗಟ್ಟ್ಯಾಗಿ ಓದ್ರಿ, ದೇವಿಕಾನ ಮುಂದ ಕುಂತು ಓದ್ರಿ. ಬರಿಯಾದು ಒಂದು, ಕಿವಿಲೆ ಕೇಳಾದು ಒಂದು. ನಾ ಎಲ್ಲಾ ಓದಸಾದು ಅದಕ್ಕೇ. ಓದಿದ ಮ್ಯಾಲೂ ಕಳಸ್ಬೇಕು ಅನಸಿದ್ರ ಕಳಸ್ರಿ, ಮುಟ್ಟಸ್ತೀನಿ.

ನಿಮಗ ಗುಡ್ಡದ ಬುಡ ಕೊಟ್ಟಾಗ ದೇವಿಂದ್ರಪ್ಪ ಒಂದ್ ಸೊಲ್ಲು ಎತ್ತಿಲ್ಲ. ಆಗ ಅವರ ಕಲ್ಲಿನ ಕಾರ್ಖಾನಿ ನಿಂತು ಆರು ತಿಂಗಳಾಗಿತ್ತು. ನಿಮಗ ಗೊತ್ತಿರಲಿ ಅಂತ ಬರಸಿದೆ.

ಹಣಮಮ್ಮ


ಗುಡ್ಡದ ಬುಡ
29 ಏಪ್ರಿಲ್ 2025

ದೇವಿಂದ್ರಪ್ಪಣ್ಣನಿಗೆ,

ಈ ಪತ್ರ ಕಟ್ಟೆಗೆ ಹೋಗುತ್ತಿಲ್ಲ. ದೇವಿಕಾ ಶಹಾಬಾದಿಗೆ ಅಕ್ಕನ ಮನೆಗೆ ಹೊರಟಿದ್ದಾಳೆ, ಆಕೆಯ ಕೈಯಲ್ಲೇ ಕೊಟ್ಟಿದ್ದೇನೆ. ಅತ್ತೆಯವರಿಗೆ ಹೇಳಿಬಿಟ್ಟೆ, ಇದೊಂದನ್ನು ಓದಿಸುವುದಿಲ್ಲ ಎಂದು. "ಹಂಗಾದ್ರ ಖರೇನೇ ಬರದಿರ್ಬೇಕು" ಎಂದರು.

ಹೋದ ವಾರ ನಿಮ್ಮ ಬಗ್ಗೆ ನಾನೊಂದು ಪತ್ರ ಬರೆದಿದ್ದೆ. ಅದರಲ್ಲಿ ಏನಿತ್ತೆಂದು ಈ ಹೊತ್ತಿಗೆ ಬಸ್ಸಿನ ಮಂದಿ ನಿಮಗೆ ಹೇಳಿಯೇ ಇರುತ್ತಾರೆ. ಅವರು ಹೇಳಿದ್ದೆಲ್ಲ ನಿಜ. ದೇವಿಕಾಳ ಮುಂದೆ ಕೂತು ಗಟ್ಟಿಯಾಗಿ ಓದಿದೆ. ನಿಮ್ಮ ಕಲ್ಲಿನ ಮಾತು ಬಂದಲ್ಲಿ ಆಕೆ ನಕ್ಕಳು. ಟೆಂಟಿನವರು ಎಂದಲ್ಲಿಯೂ ನಕ್ಕಳು. ಮಜೀದರ ಗುಡ್ಡದ ಮಾತು ಬಂದಾಗ ನಗಲಿಲ್ಲ. "ಹದ್ದು ಮುಂಜಾನೆದ್ದು ಮರಿಗಿ ಹಾವು ತರ್ಲಾಕ ಯಾ ಕಡಿ ಹೋಗ್ತದ?" ಎಂದು ಕೇಳಿದಳು. ಮಜೀದರ ಗುಡ್ಡದ ಕಡೆ. ಅದು ಹಾಗೆ ಹಾರಿಹೋಗುವುದನ್ನು ಡೇರೆಯ ಮುಂದಿನಿಂದ ದಿನಾ ನೋಡುವವನು ನಾನು, ಅತಿಥಿಗಳಿಗೆ ತೋರಿಸುವವನೂ ನಾನು. ಮುಂದಕ್ಕೆ ಓದಲಾಗಲಿಲ್ಲ. ಎರಡೂ ಹಾಳೆಗಳನ್ನು ಒಲೆಗೆ ಹಾಕಿದೆ. ಮಜೀದರ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬಂದೆ. ಅವರು ಚಹಾ ಕೊಟ್ಟರು, ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ವಾಸಿ ಇತ್ತು.

ಹೊಟ್ಟೆಯುರಿ ಹೋಯಿತೆಂದು ಬರೆಯುವುದಿಲ್ಲ. ಹೋಗಿಲ್ಲ. ನೀವು ಬರುವ ದಾರಿ ನೋಡುತ್ತ ಶನಿವಾರ ಸಂಜೆ ನಿಂತಾಗ ಎರಡೂ ಒಟ್ಟಿಗೇ ಇರುತ್ತವೆ, ಬರಲಿ ಎಂಬುದೂ ಬಾರದಿರಲಿ ಎಂಬುದೂ. ಇವುಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ನನಗೆ ತಿಳಿಯುತ್ತಿಲ್ಲ.

ಈ ಐತವಾರ ಹನ್ನೆರಡು ಮಂದಿ ಬರುತ್ತಾರೆ. ಮರಿಗೆ ರೆಕ್ಕೆ ಬಲಿಯುತ್ತಿದೆ, ಇನ್ನು ಹೆಚ್ಚು ದಿನ ಗೂಡಿನಲ್ಲಿ ನಿಲ್ಲುವುದಿಲ್ಲ. ನೀವೇ ಮುಂದೆ ನಡೆಯಿರಿ, ಹಾದಿ ನಿಮ್ಮದು. ಬಿಸಿಲು ಬಹಳವಿದೆ, ನಾನು ನೀರಿನ ಕ್ಯಾನು ಹೊತ್ತು ಸಾಲಿನ ಕೊನೆಯಲ್ಲಿ ಬರುತ್ತೇನೆ. ಒಂದೇ ವಿನಂತಿ. ದಾರಿಯಲ್ಲಿ ನೀವು ಏನೋ ಹೇಳುತ್ತೀರಿ, ಮುಂದಿನವರೆಲ್ಲ ನಗುತ್ತಾರೆ, ಹಿಂದೆ ಬರುವವರೆಗೆ ಅದು ಮುಟ್ಟುವುದಿಲ್ಲ. ಈ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿ, ನನಗೂ ಕೇಳುವಷ್ಟು.

ನಿಮ್ಮ,
ಅರುಣ